ತೋಟಕ್ಕೆ ಬರೋ ಕಾರಿಗೆ ವೀಲ್ ಸ್ಟಾಪರ್, ಕಬ್ಬಿನ ಟ್ರೇಲರ್‌ಗೆ ಬೆಣೆ: ಯಾವುದು ಎಲ್ಲಿ ಬೇಕು?

ಬೆಳೆದಿದ್ದನ್ನು ನಾವೇ ಮಾರಬೇಕು ಅಂತ ಹೊರಟಿರೋ ಯುವ ರೈತರು ಈಗ ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಮದ್ದೂರಿನ ಸರ್ವಿಸ್ ರಸ್ತೆ ಪಕ್ಕ ಎಳನೀರು, ಬೆಲ್ಲ, ತರಕಾರಿ ಅಂಗಡಿ ಇಟ್ಟವರಿದ್ದಾರೆ. ಮಂಡ್ಯದ ಸುತ್ತ ಆಲೆಮನೆ ತೋರಿಸಿ ಅಲ್ಲೇ ಬೆಲ್ಲ ಮಾರೋರಿದ್ದಾರೆ. ಮಳವಳ್ಳಿ ಕಡೆ ಗಗನಚುಕ್ಕಿ, ಮುತ್ತತ್ತಿಗೆ ಹೋಗೋ ಕಾರುಗಳನ್ನು ತೋಟದೊಳಕ್ಕೆ ಕರೆದು ಊಟ ಹಾಕೋರೂ ಇದ್ದಾರೆ. ಗಿರಾಕಿ ತೋಟಕ್ಕೆ ಬಂದ ಅಂದರೆ ಜೊತೆಗೆ ಅವನ ಕಾರೂ ಬಂತು. ಅಲ್ಲಿಗೆ ನಮ್ಮ ಕಣ, ಹಟ್ಟಿ ಮುಂದಿನ ಬಯಲು, ತೆಂಗಿನ ತೋಟದ ಅಂಚು ಎಲ್ಲವೂ ಪಾರ್ಕಿಂಗ್ ಆದವು.

ಆದರೆ ನಾವು ಅದನ್ನು ಪಾರ್ಕಿಂಗ್ ಅಂತ ನೋಡೋದಿಲ್ಲ. "ಅಲ್ಲೇ ಎಲ್ಲಾದರೂ ಹಾಕ್ಕೊಳ್ಳಿ ಸಾರ್" ಅಂತೀವಿ. ಆ "ಎಲ್ಲಾದರೂ" ಅನ್ನೋ ಜಾಗದಲ್ಲಿ ತಕ್ಕಡಿ ಮುಂದೆ ನಿಂತ ಹೆಂಗಸರು, ಆಡೋ ಮಕ್ಕಳು, ಕಟ್ಟಿದ ಹಸು, ಡ್ರಿಪ್ ಪೈಪು, ಕೃಷಿ ಹೊಂಡ, ಕೆಲವು ಕಡೆ ನಾಲೆ ಕೂಡ ಇರುತ್ತೆ. ಬಂದವರಲ್ಲಿ ಅರ್ಧ ಜನಕ್ಕೆ ಮಣ್ಣಿನ ಇಳಿಜಾರಲ್ಲಿ ಗಾಡಿ ನಿಲ್ಲಿಸಿ ಅಭ್ಯಾಸ ಇರೋಲ್ಲ. ಹಾಗಾಗಿ ಗಾಡಿ ಎಲ್ಲಿ ನಿಲ್ಲಬೇಕು ಅನ್ನೋದನ್ನು ನಾವೇ ನೆಲದ ಮೇಲೆ ಗುರುತು ಮಾಡಿ ಕೊಡಬೇಕು. ಅದಕ್ಕೆ ಇರೋ ಕಡಿಮೆ ಖರ್ಚಿನ ಸಾಧನವೇ ವೀಲ್ ಸ್ಟಾಪರ್.

ಮೊದಲು ಮೂರನ್ನು ಬೇರೆ ಮಾಡಿ

ಗಾಡಿ ತಡೆಯೋಕೆ ಮೂರು ಬೇರೆ ಬೇರೆ ವಸ್ತುಗಳಿವೆ. ಒಂದರ ಕೆಲಸ ಇನ್ನೊಂದು ಮಾಡೋದಿಲ್ಲ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ.

1. ವೀಲ್ ಸ್ಟಾಪರ್. ನೆಲಕ್ಕೆ ಕೂರಿಸಿದ ಉದ್ದನೆಯ ಗಿಡ್ಡ ಕಟ್ಟೆ. ನಿಧಾನವಾಗಿ ಬಂದ ಕಾರಿನ ಗಾಲಿ ತಾಗಿದ ಕೂಡಲೇ "ಇಲ್ಲಿಗೆ ಸಾಕು" ಅಂತ ಡ್ರೈವರ್‌ಗೆ ಗೊತ್ತಾಗಬೇಕು, ಅದರ ಕೆಲಸ ಅಷ್ಟೇ.

2. ಬೆಣೆ. ಅಂಗಡಿಯಲ್ಲಿ ಇದನ್ನು ವೀಲ್ ಚೋಕ್ ಅಂತಾರೆ. ನಿಂತ ಗಾಡಿ ಉರುಳದ ಹಾಗೆ ಗಾಲಿಗೆ ಒತ್ತಿ ಇಡೋದು. ನಮ್ಮ ಹಿರಿಯರು ಎತ್ತಿನ ಗಾಡಿಯ ಗಾಲಿಗೆ ಕಲ್ಲು ಕೊಡುತ್ತಿದ್ದರಲ್ಲ, ಅದೇ ಇದು. ಟ್ರ್ಯಾಕ್ಟರ್, ಟ್ರೇಲರ್, ಲಾರಿಗೆ ಬೇಕಾದದ್ದು ಇದು.

3. ತಡೆ. ಕಲ್ಲುಕಂಬ, ಮಣ್ಣಿನ ದಿಬ್ಬ, ಗೋಡೆ. ಹತೋಟಿ ತಪ್ಪಿ ಬರೋ ಗಾಡಿಯನ್ನೂ ನಿಲ್ಲಿಸಬೇಕಾದ ಜಾಗಕ್ಕೆ, ಅಂದರೆ ಹೊಂಡ, ಬಾವಿ, ನಾಲೆ ಅಂಚಿಗೆ ಬೇಕಾದದ್ದು ಇದು.

ವೀಲ್ ಸ್ಟಾಪರ್ ಯಾಕೆ ತಡೆ ಅಲ್ಲ ಅನ್ನೋದಕ್ಕೆ ಒಂದು ಲೆಕ್ಕ ನೋಡಿ. ಗಾಡಿಯ ವೇಗ ಎರಡು ಪಟ್ಟಾದರೆ ಅದರ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಬಂದು ತಾಗೋ ಕಾರಿಗೂ 20 ಕಿ.ಮೀ. ವೇಗದಲ್ಲಿ ಬಂದು ತಾಗೋ ಅದೇ ಕಾರಿಗೂ ವ್ಯತ್ಯಾಸ 16 ಪಟ್ಟು. ಬ್ರೇಕ್ ಒತ್ತೋ ಬದಲು ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದವರನ್ನು ನಾಲ್ಕಿಂಚಿನ ಕಟ್ಟೆ ನಿಲ್ಲಿಸೋಲ್ಲ, ಗಾಡಿ ಹತ್ತಿ ಆಚೆ ಹೋಗುತ್ತೆ. ಗಾಲಿ ದೊಡ್ಡದಾದಷ್ಟೂ ಹತ್ತೋದು ಸುಲಭ. ಕಾರಿಗೆ ಸಾಕಾಗೋ ಸ್ಟಾಪರ್ ಟ್ರ್ಯಾಕ್ಟರ್‌ನ ಹಿಂದಿನ ಗಾಲಿಗೆ ಲೆಕ್ಕಕ್ಕೇ ಇಲ್ಲ.

ಎಷ್ಟು ಎತ್ತರ, ಎಷ್ಟು ಉದ್ದ?

ಎತ್ತರ 4 ಇಂಚು, ಅಂದರೆ 100 ಮಿ.ಮೀ. ಸಾಕು. ಗಟ್ಟಿಯಾಗಿರಲಿ ಅಂತ 6–8 ಇಂಚಿನ ಸೈಜುಗಲ್ಲು ಇಡೋರಿದ್ದಾರೆ. ಅದಕ್ಕೆ ಗಾಲಿ ತಾಗೋ ಮೊದಲೇ ಕಾರಿನ ಬಂಪರ್ ತಾಗಿ ಮುರಿಯುತ್ತೆ. ನಮ್ಮ ಕಾರುಗಳ ತಳಕ್ಕೂ ನೆಲಕ್ಕೂ ಸಾಮಾನ್ಯವಾಗಿ 6–7 ಇಂಚು ಅಂತರ ಇರುತ್ತೆ. ಐದು ಜನ ಕೂತು ಡಿಕ್ಕಿ ತುಂಬಾ ಬೆಲ್ಲ, ತೆಂಗಿನಕಾಯಿ ತುಂಬಿಕೊಂಡರೆ ಇನ್ನೂ ಕಡಿಮೆಯಾಗುತ್ತೆ.

ಉದ್ದದಲ್ಲಿ ಎರಡು ಬಗೆ. ಒಂದು, ಎರಡೂ ಗಾಲಿಗೆ ಸೇರಿ 6 ಅಡಿಯ ಒಂದೇ ತುಂಡು. ಇನ್ನೊಂದು, ಗಾಲಿಗೆ ಒಂದರಂತೆ ಸುಮಾರು 2 ಅಡಿಯ ಎರಡು ತುಂಡು. ಜೋಡಿ ತುಂಡು ಹಾಕೋದಾದರೆ ಒಂದರ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ 1.4ರಿಂದ 1.5 ಮೀಟರ್ ಇರಲಿ. ಹೆಚ್ಚಿನ ಕಾರುಗಳ ಎಡ-ಬಲ ಗಾಲಿಗಳ ನಡುವಿನ ಅಂತರ ಇಷ್ಟೇ. ಸಣ್ಣ ಕಾರಿನಿಂದ ದೊಡ್ಡ ಕಾರಿನವರೆಗೆ ಎಲ್ಲಾ ಬರೋ ಜಾಗಕ್ಕೆ 6 ಅಡಿಯ ಒಂದೇ ತುಂಡು ವಾಸಿ.

ಒಂದು ಕಾರಿನ ಅಂಕಣಕ್ಕೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಬಿಡಿ. 6 ಅಡಿಯ ಸ್ಟಾಪರ್ ಇದರ ಮಧ್ಯಕ್ಕೆ ಬಂದರೆ ಎರಡು ಸ್ಟಾಪರ್‌ಗಳ ನಡುವೆ ಎರಡಡಿಗಿಂತ ಜಾಸ್ತಿ ಸಂದು ಉಳಿಯುತ್ತೆ. ಜನ ಎಡವದೆ ನಡೆಯೋಕೆ, ಮಳೆನೀರು ಹರಿದು ಹೋಗೋಕೆ ಈ ಸಂದು ಬೇಕೇ ಬೇಕು. ಸ್ಟಾಪರ್‌ಗಳನ್ನು ಒಂದಕ್ಕೊಂದು ತಾಗಿಸಿ ಗೋಡೆ ಥರ ಜೋಡಿಸಬೇಡಿ.

ಗೋಡೆಯಿಂದ ಎಷ್ಟು ದೂರ?

ಎಲ್ಲರೂ ಎಡವೋದು ಇಲ್ಲೇ. ಸ್ಟಾಪರ್‌ನ ಗೋಡೆಗೆ ಅಥವಾ ಅಂಗಡಿಯ ಟೇಬಲ್‌ಗೆ ಹತ್ತಿರ ಇಟ್ಟರೆ ಅದು ಇದ್ದೂ ಇಲ್ಲದಂತೆ, ಯಾಕಂದರೆ ಗಾಲಿಗಿಂತ ಮುಂದೆ ಕಾರಿನ ಮೂತಿ ಚಾಚಿಕೊಂಡಿರುತ್ತೆ.

ನಿಮ್ಮ ಮನೆಯದೋ ಗೆಳೆಯನದೋ ಕಾರು ತಂದು ಅಳೆದುಬಿಡಿ. ಗಾಲಿ ಮುಂದೆ 4 ಇಂಚಿನ ಇಟ್ಟಿಗೆ ಇಟ್ಟು, ಕಾರನ್ನು ನಿಧಾನವಾಗಿ ಅದಕ್ಕೆ ತಾಗಿಸಿ. ಇಟ್ಟಿಗೆಯಿಂದ ಬಂಪರ್ ತುದಿವರೆಗೆ ಟೇಪ್ ಹಿಡಿಯಿರಿ. ಸಾಮಾನ್ಯ ಕಾರಿಗೆ ಮುಂದೆ ಸುಮಾರು 2 ಅಡಿ, ಹಿಂದೆ ಡಿಕ್ಕಿ ಕಡೆ ಅದಕ್ಕಿಂತ ಜಾಸ್ತಿ ಬರುತ್ತೆ. ಅದಕ್ಕೆ ಒಂದಡಿ ಸೇರಿಸಿ. ಅಂದರೆ ಮೂತಿ ಮುಂದಾಗಿ ನಿಲ್ಲಿಸೋ ಕಡೆ ಗೋಡೆಯಿಂದ 3 ಅಡಿ, ರಿವರ್ಸ್‌ನಲ್ಲಿ ನಿಲ್ಲಿಸೋ ಕಡೆ ಮೂರೂವರೆಯಿಂದ 4 ಅಡಿ ದೂರದಲ್ಲಿ ಸ್ಟಾಪರ್ ಬರಲಿ.

ಜನ ನಿಂತು ಕೊಳ್ಳೋ ತಕ್ಕಡಿ, ಟೇಬಲ್ ಎದುರಿಗೆ ಈ ಲೆಕ್ಕವೂ ಸಾಲದು. ಅಲ್ಲಿ ಕಾರಿನ ಮೂತಿ ಜನರ ಕಡೆ ತಿರುಗಲೇಬಾರದು. ಅಂಕಣಗಳನ್ನು ಪಕ್ಕಕ್ಕೆ ತಿರುಗಿಸಿ. ಜಾಗ ಇಲ್ಲ ಅಂದರೆ ಸ್ಟಾಪರ್ ಜೊತೆಗೆ ಮುಂದೆ ಕಲ್ಲುಕಂಬದ ಸಾಲು ಹಾಕಿ.

ಯಾವ ವಸ್ತು ಒಳ್ಳೇದು?

ರಬ್ಬರ್: ಹಳೇ ಟೈರ್ ಪುಡಿಯಿಂದ ಮಾಡಿದ್ದು, ಹಳದಿ ಪಟ್ಟಿ ಸಮೇತ ಬರುತ್ತೆ. ಹಗುರ, ಟೈರ್‌ಗೆ ಮೃದು, ಒಡೆಯೋಲ್ಲ. ಆದರೆ ಇದನ್ನು ಬೋಲ್ಟ್ ಹಾಕಿ ಬಿಗಿಯೋಕೆ ಕೆಳಗೆ ಕಾಂಕ್ರೀಟ್ ಬೇಕು. ಬರೀ ಮಣ್ಣಿನ ಮೇಲೆ ಇಟ್ಟರೆ ಗಾಲಿ ತಳ್ಳಿದ ಕಡೆ ಜರುಗುತ್ತೆ. ಸಿಮೆಂಟ್ ನೆಲ ಇರೋ ಅಂಗಡಿ, ಗೋದಾಮಿಗೆ ಇದು ಸರಿ.

ಕಾಂಕ್ರೀಟ್: ಮಣ್ಣು, ಜಲ್ಲಿ ನೆಲಕ್ಕೆ ಇದೇ ವಾಸಿ. 6 ಅಡಿ ಉದ್ದ, 6 ಇಂಚು ಅಗಲ, 4 ಇಂಚು ಎತ್ತರದ ಒಂದು ತುಂಡು ಸುಮಾರು 65 ಕೆ.ಜಿ. ತೂಗುತ್ತೆ. ನಾವೇ ಹಾಕಿಕೊಳ್ಳಬಹುದು, ವಿಧಾನ ಕೆಳಗಿದೆ.

ಕಲ್ಲು: ನಮ್ಮ ಕಡೆ ಬೇಲಿಗೆ ಬಳಸೋ ಕಲ್ಲುಕಂಬ ಸುಲಭವಾಗಿ ಸಿಗುತ್ತೆ. ಅಡ್ಡ ಮಲಗಿಸಿ, ಮೇಲೆ 4 ಇಂಚು ಮಾತ್ರ ಕಾಣೋ ಹಾಗೆ ಉಳಿದದ್ದನ್ನು ಹೂಳಿದರೆ ಅಲುಗಾಡೋಲ್ಲ. ಗಾಲಿ ತಾಗೋ ಅಂಚು ಚೂಪಾಗಿದ್ದರೆ ಉಳಿಯಿಂದ ಹೊಡೆದು ದುಂಡಗೆ ಮಾಡಿಸಿ. ಇಲ್ಲಾಂದ್ರೆ ಟೈರ್ ಕುಯ್ಯುತ್ತೆ.

ತೆಂಗಿನ ಬೊಡ್ಡೆ: ಬಿಟ್ಟಿ ಸಿಗುತ್ತೆ, ನೋಡೋಕೂ ಚೆಂದ. ಆದರೆ ದುಂಡಗಿದೆ, ಗೂಟ ಹೊಡೆಯದಿದ್ದರೆ ಗಾಲಿ ಜೊತೆ ತಾನೂ ಉರುಳುತ್ತೆ. ಎರಡು ಮಳೆಗಾಲ ಕಂಡರೆ ಒಳಗೆ ಗೆದ್ದಲು, ಹೊರಗೆ ಗಟ್ಟಿ ಅನ್ನೋ ಹಾಗಾಗುತ್ತೆ. ಜೊತೆಗೆ ತೋಟದ ಪಕ್ಕ ಕೊಳೆಯೋ ತೆಂಗಿನ ಬೊಡ್ಡೆ ಇಡೋದು ಗೊಂಡೆ ದುಂಬಿಗೆ ಮನೆ ಕಟ್ಟಿಕೊಟ್ಟಂತೆ. ನಾನಂತೂ ಬೇಡ ಅಂತೀನಿ.

ಮನೆಯಲ್ಲೇ ಹಾಕೋ ವಿಧಾನ

- ಹಲಗೆ ಅಥವಾ ಕಬ್ಬಿಣದ ತಗಡಿನಲ್ಲಿ 6 ಅಡಿ × 6 ಇಂಚು × 4 ಇಂಚಿನ ಅಚ್ಚು ಮಾಡಿಸಿ. ಮೇಲಿನ ಎರಡು ಅಂಚು ಓರೆಯಾಗಿ ಬರಲಿ.
- ಉದ್ದಕ್ಕೆ 10 ಮಿ.ಮೀ.ನ ಎರಡು ಕಂಬಿ ಇಡಿ. ಕಂಬಿಯ ಕೆಳಗೆ ಒಂದಿಂಚು ಕಾಂಕ್ರೀಟ್ ಬರೋ ಹಾಗೆ ಎತ್ತಿ ಕೂರಿಸಿ.
- ಎರಡೂ ತುದಿಯಿಂದ ಒಂದಡಿ ಒಳಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ತುಂಡು ನೆಟ್ಟಗೆ ನಿಲ್ಲಿಸಿ. ಗೂಟ ಹೊಡೆಯೋ ತೂತು ಇದೇ.
- ತಳದಲ್ಲಿ ಮಧ್ಯಕ್ಕೆ ಒಂದಿಂಚು ದಪ್ಪದ ಮರದ ತುಂಡು ಅಡ್ಡ ಇಟ್ಟು ಹಾಕಿದರೆ ನೀರು ಹರಿಯೋ ಕಿಂಡಿ ಉಳಿಯುತ್ತೆ.
- ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು ಅಥವಾ ಎಂ-ಸ್ಯಾಂಡ್, ಮೂರು ಪಾಲು 20 ಮಿ.ಮೀ. ಜಲ್ಲಿ. 50 ಕೆ.ಜಿ.ಯ ಒಂದು ಮೂಟೆ ಸಿಮೆಂಟ್‌ಗೆ ನಾಲ್ಕು ತುಂಡು ಬರುತ್ತೆ. ನೀರು ಜಾಸ್ತಿ ಮಾಡಬೇಡಿ.
- ಮಾರನೇ ದಿನ ಅಚ್ಚು ಬಿಚ್ಚಿ, ಏಳು ದಿನಕ್ಕೆ ಕಡಿಮೆ ಇಲ್ಲದೆ ಗೋಣಿಚೀಲ ಹೊದಿಸಿ ನೀರು ಹಾಕಿ. 28 ದಿನ ಆದಮೇಲೆ ಬಳಸಿ.

ಕೂರಿಸೋ ಮೊದಲು ನೆಲ ಒಂದಿಂಚು ಕೆತ್ತಿ, ದಮ್ಮಸು ಮಾಡಿ ಮಟ್ಟ ಮಾಡಿ. ತುಂಡು ಇಟ್ಟು, ತೂತಿನ ಮೂಲಕ 16 ಮಿ.ಮೀ.ನ ಎರಡಡಿ ಕಂಬಿಯನ್ನು ಸುತ್ತಿಗೆಯಿಂದ ಬಡಿದು ಇಳಿಸಿ. ಕಂಬಿಯ ತಲೆ ಮೇಲೆ ಕಾಣಬಾರದು, ಟೈರ್‌ಗೂ ಕಾಲಿಗೂ ಚುಚ್ಚುತ್ತೆ. ಕಂಬಿ ಹೊಡೆಯೋ ಮುಂಚೆ ಕೆಳಗೆ ಮೋಟರ್ ಕೇಬಲ್, ಮೇನ್ ಪೈಪ್‌ಲೈನ್ ಹೋಗಿದೆಯಾ ಅಂತ ನೋಡಿಕೊಳ್ಳಿ.

ಕೊನೆಗೆ ಹಳದಿ-ಕಪ್ಪು ಬಣ್ಣ ಹೊಡೆದು, ಮಿಂಚುವ ಟೇಪ್ ಅಂಟಿಸಿ. ಸಂಜೆ ಕರೆಂಟ್ ಹೋದಾಗ ಕಾಣದ ಸ್ಟಾಪರ್ ಅಂದರೆ ಎಡವೋ ಕಲ್ಲು. ಬೈಕ್ ನಿಲ್ಲಿಸೋ ಕಡೆ, ಅಂಗಡಿಗೆ ನಡೆದು ಬರೋ ದಾರಿಗೆ ಅಡ್ಡ, ವಯಸ್ಸಾದವರು ಇಳಿಯೋ ಜಾಗದಲ್ಲಿ ಇದನ್ನು ಹಾಕಬೇಡಿ.

ಇಳಿಜಾರು ಇದ್ದರೆ

ಮಳವಳ್ಳಿ ಕಡೆಯ ಹೊಲಗಳಲ್ಲಿ ಇಳಿಜಾರು ಸಾಮಾನ್ಯ. ಅಲ್ಲಿ ಕಾರುಗಳು ಇಳಿಜಾರಿಗೆ ಅಡ್ಡಲಾಗಿ ನಿಲ್ಲೋ ಹಾಗೆ ಅಂಕಣ ಹಾಕಿ. ಹ್ಯಾಂಡ್‌ಬ್ರೇಕ್ ಬಿಟ್ಟುಹೋದರೂ ಗಾಡಿ ಉರುಳೋ ದಿಕ್ಕು ಸಿಗೋಲ್ಲ. ನೆಲ ಮಟ್ಟ ಮಾಡಿಸೋದಾದರೆ 50 ಅಡಿಗೆ ಒಂದಡಿ ಇಳಿತ ಸಾಕು, ಮಳೆನೀರು ನಿಲ್ಲೋಲ್ಲ, ಗಾಡಿಯೂ ಉರುಳೋಲ್ಲ. ಇಳಿತ ಜನರ ಕಡೆಗೆ ಇರಬಾರದು, ಹೊಂಡದ ಕಡೆಗಂತೂ ಬೇಡವೇ ಬೇಡ.

ಹೊಂಡ, ನಾಲೆ ಅಂಚು: ಇಲ್ಲಿ ಸ್ಟಾಪರ್ ನಂಬಬೇಡಿ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತಿದ್ದನ್ನು ಮಂಡ್ಯ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಅದು ಓಡುತ್ತಿದ್ದ ಬಸ್ಸು, ಪಾರ್ಕಿಂಗ್ ವಿಷಯ ಅಲ್ಲ. ಆದರೆ ತುಂಬಿದ ನೀರಿಗೆ ಬಿದ್ದ ಗಾಡಿಯಿಂದ ಹೊರಗೆ ಬರೋದು ಎಷ್ಟು ಕಷ್ಟ ಅಂತ ಅದು ತೋರಿಸಿತು. ನಮ್ಮ ಕೃಷಿ ಹೊಂಡವೂ ಅಂಥದ್ದೇ. ಹಾಸಿರೋ ಪ್ಲಾಸ್ಟಿಕ್ ಶೀಟ್ ಜಾರುತ್ತೆ, ಹತ್ತೋಕೆ ಹಿಡಿತ ಸಿಗೋಲ್ಲ. ಸುತ್ತ ಹಾಕಿರೋ ತಂತಿ ಬೇಲಿ ದನ, ಮಕ್ಕಳನ್ನು ತಡೆಯುತ್ತೆ, ಗಾಡಿಯನ್ನಲ್ಲ.

ಇಲ್ಲಿ ಮಾಡಬೇಕಾದದ್ದು ಇಷ್ಟು. ಮೊದಲನೆಯದಾಗಿ, ಪಾರ್ಕಿಂಗನ್ನೇ ದೂರ ಇಡಿ. ಹೊಂಡ ಎಷ್ಟು ಆಳವೋ ಕಡೇಪಕ್ಷ ಅಷ್ಟು ದೂರ ಬಿಟ್ಟು ಗಾಡಿ ನಿಲ್ಲಬೇಕು, ಅಂಚಿನ ಮೇಲೆ ಭಾರ ಬಿದ್ದರೆ ಒದ್ದೆ ಮಣ್ಣು ಕುಸಿಯುತ್ತೆ. ಎರಡನೆಯದಾಗಿ, ನಡುವೆ ತಡೆ ಹಾಕಿ. ಎರಡೂವರೆಯಿಂದ ಮೂರಡಿ ಎತ್ತರದ, ಚೆನ್ನಾಗಿ ದಮ್ಮಸು ಮಾಡಿದ ಮಣ್ಣಿನ ದಿಬ್ಬ ಆಗಬಹುದು. ದಿಬ್ಬದ ಎತ್ತರ ಅಲ್ಲಿಗೆ ಬರೋ ಅತಿ ದೊಡ್ಡ ಗಾಲಿಯ ಅರ್ಧದಷ್ಟಾದರೂ ಇರಬೇಕು ಅನ್ನೋದು ಲೆಕ್ಕ. ಮೇಲೆ ಲಾವಂಚ ನೆಟ್ಟರೆ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತೆ, ಮಳೆಗೆ ದಿಬ್ಬ ಕೊಚ್ಚಿ ಹೋಗೋಲ್ಲ. ಇಲ್ಲವಾದರೆ ಎರಡೂವರೆ ಅಡಿ ಹೂತು ಮೂರಡಿ ಮೇಲೆ ನಿಲ್ಲೋ ಕಲ್ಲುಕಂಬಗಳನ್ನು 4 ಅಡಿಗೆ ಒಂದರಂತೆ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿ. ಕಾರು ಐದೂವರೆ ಅಡಿ ಅಗಲ ಇರೋದರಿಂದ ನಡುವೆ ತೂರೋಕಾಗಲ್ಲ.

ನಾಲೆ ಏರಿ ನಮ್ಮದಲ್ಲ, ನೀರಾವರಿ ನಿಗಮದ್ದು. ಅದರಲ್ಲಿ ಗುಂಡಿ ತೆಗೆದು ಕಂಬ ನೆಡಬೇಡಿ, ಗಿರಾಕಿಗಳ ಕಾರು ಅಲ್ಲಿ ನಿಲ್ಲಿಸೋಕೂ ಹೇಳಬೇಡಿ. ತಡೆ ನಮ್ಮ ಜಮೀನಿನೊಳಗೇ ಇರಲಿ.

ಟ್ರ್ಯಾಕ್ಟರ್, ಟ್ರೇಲರ್‌ಗೆ ಬೆಣೆ

ಕಬ್ಬು ಅರೆಯೋ ಕಾಲ ಬಂದರೆ ಸಕ್ಕರೆ ಕಾರ್ಖಾನೆ ಅಂಗಳದಲ್ಲಿ, ಆಲೆಮನೆ ಮುಂದೆ, ರಸ್ತೆ ಬದಿಯಲ್ಲಿ ತುಂಬಿದ ಟ್ರೇಲರ್‌ಗಳ ಸಾಲು. ಇವುಗಳಲ್ಲಿ ಬಹಳಷ್ಟಕ್ಕೆ ತಮ್ಮದೇ ಬ್ರೇಕ್ ಇರೋದಿಲ್ಲ. ಟ್ರ್ಯಾಕ್ಟರ್ ಬ್ರೇಕ್ ಮೇಲೆ ಇಡೀ ಭಾರ.

ಟ್ರೇಲರ್, ಕಬ್ಬು ಸೇರಿ 10 ಟನ್ ಇದೆ ಅಂದುಕೊಳ್ಳಿ. 20 ಅಡಿಗೆ ಒಂದಡಿ ಇಳಿಜಾರಿನಲ್ಲಿ ಅದನ್ನು ಕೆಳಕ್ಕೆ ಎಳೆಯೋ ಬಲ ತೂಕದ ಇಪ್ಪತ್ತನೇ ಒಂದು ಪಾಲು, ಅಂದರೆ 500 ಕೆ.ಜಿ. ಕಣ್ಣಿಗೆ ಮಟ್ಟ ಅಂತ ಕಾಣೋ ಜಾಗವೇ ಇಷ್ಟು ಎಳೆಯುತ್ತೆ. ಗೇರಿನಲ್ಲಿ ಬಿಟ್ಟರೆ ಸಾಕು ಅನ್ನೋದೂ ಪೂರ್ತಿ ನಿಜವಲ್ಲ. ಇಂಜಿನ್‌ನ ಒತ್ತಡ ನಿಧಾನಕ್ಕೆ ಸೋರಿ ಗಾಡಿ ಇಂಚಿಂಚೇ ಜರುಗಬಹುದು.

ಬೆಣೆಯ ಎತ್ತರ ಗಾಲಿಯ ಎತ್ತರದ ಕಾಲು ಭಾಗ ಇರಬೇಕು. ಟ್ರೇಲರ್ ಗಾಲಿಗೆ ಅದು 8–9 ಇಂಚು, ಟ್ರ್ಯಾಕ್ಟರ್‌ನ ಹಿಂದಿನ ದೊಡ್ಡ ಗಾಲಿಗೆ ಒಂದಡಿಗಿಂತ ಜಾಸ್ತಿ. ಜಾಲಿ, ಹುಣಸೆ ಥರದ ಗಟ್ಟಿ ಮರದಲ್ಲಿ ಮುಂದೆ ಓರೆಯಾಗಿ, ತಳ ಚಪ್ಪಟೆಯಾಗಿ ಕೊಯ್ಸಿ. ತಳಕ್ಕೆ ಹಳೇ ಟೈರ್ ತುಂಡು ಹೊಡೆದರೆ ಡಾಂಬರಿನ ಮೇಲೆ ಜಾರೋಲ್ಲ. ದಾರಿಯಲ್ಲಿ ಸಿಕ್ಕ ದುಂಡು ಕಲ್ಲು ಬೇಡ, ಅದು ಗಾಲಿ ಕೆಳಗೆ ತಿರುಗುತ್ತೆ. ಆಮೇಲೆ ರಸ್ತೆಯಲ್ಲೇ ಬಿಟ್ಟು ಹೋದ ಆ ಕಲ್ಲಿಗೆ ರಾತ್ರಿ ಬರೋ ಬೈಕ್ ಸವಾರ ಬೀಳ್ತಾನೆ.

ಬಳಸೋ ಕ್ರಮ:

- ಮೊದಲು ಬ್ರೇಕ್ ಒತ್ತಿ ಲಾಕ್ ಹಾಕಿ, ಗೇರಿಗೆ ಹಾಕಿ, ಇಂಜಿನ್ ನಿಲ್ಲಿಸಿ, ಕೀ ತೆಗೆದುಕೊಳ್ಳಿ. ಕೀ ಬಿಟ್ಟರೆ ಮಕ್ಕಳು ಹತ್ತಿ ಕೂರ್ತಾರೆ.
- ಆಮೇಲೆ ಇಳಿಜಾರಿನ ಕೆಳಗಿನ ಬದಿಗೆ, ಎರಡೂ ಕಡೆಯ ಗಾಲಿಗೆ ಒಂದೊಂದು ಬೆಣೆ ಒತ್ತಿ ಇಡಿ. ನೆಲ ಮಟ್ಟವಾಗಿದ್ದರೆ ಒಂದೇ ಗಾಲಿಯ ಹಿಂದೆ, ಮುಂದೆ ಎರಡೂ ಕಡೆ ಇಡಿ.
- ಟ್ರೇಲರ್ ಬಿಚ್ಚೋ ಮುಂಚೆಯೇ ಬೆಣೆ ಕೊಡಬೇಕು. ಪಿನ್ ತೆಗೆದ ಮೇಲೆ ಕೊಡ್ತೀನಿ ಅಂದರೆ ತಡವಾಯ್ತು ಅಂತಲೇ ಲೆಕ್ಕ.
- ಪಂಚರ್‌ಗೆ ಜಾಕ್ ಕೊಡುವಾಗ ಎದುರು ಬದಿಯ ಗಾಲಿಗೆ ಬೆಣೆ ಕೊಡಿ.
- ಬೆಣೆಗೆ ನಾಲ್ಕಡಿ ಹಗ್ಗ ಕಟ್ಟಿ ಟ್ರೇಲರ್‌ಗೇ ನೇತುಹಾಕಿ. ಎಳೆಯೋವಾಗ ಕೈ ಗಾಲಿ ಹತ್ತಿರ ಹೋಗೋಲ್ಲ, ಮರೆತು ಬಿಟ್ಟು ಬರೋದೂ ತಪ್ಪುತ್ತೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಉರುಳೋಕೆ ಶುರುವಾದ ಗಾಡಿಗೆ ಕಲ್ಲು ಕೊಡೋಕೆ ಓಡಬೇಡಿ. 500 ಕೆ.ಜಿ. ಎಳೆತವನ್ನು ಯಾರ ಕೈಯೂ ಹಿಡಿಯೋಲ್ಲ. ಗಾಡಿ ಹೋದರೆ ಹೋಗಲಿ, ಕೂಗಿ ಜನರನ್ನು ಸರಿಸಿ. ಗಾಡಿ ರಿಪೇರಿ ಮಾಡಿಸಬಹುದು, ಹೋದ ಮನುಷ್ಯ ಬರೋಲ್ಲ.

ಇದು ಬರೀ ಬುದ್ಧಿಮಾತಲ್ಲ, ಕಾನೂನೂ ಹೌದು. ಸಾರ್ವಜನಿಕ ಜಾಗದಲ್ಲಿ ಡ್ರೈವರ್ ಇಲ್ಲದೆ ನಿಂತ ಗಾಡಿ ತಾನಾಗಿ ಚಲಿಸದ ಹಾಗೆ ಇಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿಯೋ ಬೇರೆ ಕ್ರಮ ತೆಗೆದುಕೊಂಡೋ ಇರಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಹೇಳುತ್ತೆ.

ಗಿಡಕ್ಕೂ ಲಾಭ

ತೋಟಗಾರಿಕೆ ಕಣ್ಣಿಂದ ನೋಡಿದರೆ ಸ್ಟಾಪರ್‌ಗೆ ಇನ್ನೊಂದು ಉಪಯೋಗ ಇದೆ. ಕಾರುಗಳು ನೆರಳು ಹುಡುಕಿ ಮರದ ಬುಡಕ್ಕೇ ಬರುತ್ತವೆ. ದಿನಾ ಗಾಲಿ ತುಳಿದ ಮಣ್ಣು ಗಟ್ಟಿಯಾಗಿ ಗಾಳಿ, ನೀರು ಒಳಕ್ಕಿಳಿಯೋಲ್ಲ. ನೀರು, ಗೊಬ್ಬರ ಹೀರೋ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರೋದರಿಂದ ಮರ ಸೊರಗುತ್ತೆ. ತೆಂಗಿನ ಬುಡದಿಂದ ಆರಡಿ ಆಚೆಗೆ ಸ್ಟಾಪರ್ ಬಂದರೆ ಪಾತಿಯೂ ಉಳಿಯುತ್ತೆ, ಡ್ರಿಪ್ ಲ್ಯಾಟರಲ್ಲೂ ಉಳಿಯುತ್ತೆ. ಕಾಯಿ, ಗರಿ ಬೀಳೋ ನೇರಕ್ಕೆ ಕಾರು ನಿಲ್ಲಿಸೋದು ಹೇಗೂ ಬೇಡ. ನೆರಳು ಬೇಕಿದ್ದರೆ ಪಾರ್ಕಿಂಗ್ ಪಕ್ಕ ಹೊಂಗೆ ನೆಡಿ.

ಈ ವಾರ ಮಾಡಬೇಕಾದದ್ದು

ಭಾನುವಾರ ಗಿರಾಕಿ ಬರೋ ಮುಂಚೆ ಒಂದು ಸಲ ನಿಮ್ಮ ಅಂಗಳ ಸುತ್ತಿ. ಗಾಡಿ ಎಲ್ಲಿ ನಿಲ್ಲುತ್ತೆ, ಜನ ಎಲ್ಲಿ ನಿಲ್ತಾರೆ, ನೀರು ಎಲ್ಲಿದೆ, ಇಳಿಜಾರು ಯಾವ ಕಡೆಗೆ ಅಂತ ಫೋನಲ್ಲಿ ಫೋಟೋ ತೆಗೆದು ಅದರ ಮೇಲೇ ಗೆರೆ ಎಳೆಯಿರಿ. ಜನರ ಕಡೆ ತಿರುಗಿರೋ ಅಂಕಣ ಮೊದಲು ಬದಲಾಯಿಸಿ, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹೊಂಡದ ಅಂಚಿಗೆ ಈ ತಿಂಗಳೇ ತಡೆ ಹಾಕಿ. ಟ್ರೇಲರ್‌ಗೆ ಎರಡು ಬೆಣೆ ನಾಳೆಯೇ ಕೊಯ್ಸಿ. ಸ್ಟಾಪರ್‌ಗಳನ್ನು ಬಿಡುವಾದಾಗ ಎರಡು-ಮೂರರಂತೆ ಹಾಕ್ಕೊಂಡು ಹೋಗಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಅಲ್ಲಾಡಿಸಿ ನೋಡಿ, ಸಡಿಲವಾಗಿದ್ದರೆ ಕಂಬಿ ಮತ್ತೆ ಬಡಿಯಿರಿ, ಬಣ್ಣ ಮಾಸಿದ್ದರೆ ಹೊಡೆಯಿರಿ.